ಮಾತ್ರೆ ಎಣಿಸಿ ಬಾಯಿ ಆಡಿಸುವುದು: ಕನ್ನಡ ಲಿಪ್‌ಸಿಂಕ್‌ಗೊಂದು ಸ್ಕ್ರಿಪ್ಟ್

ಮಂಡ್ಯ ಸೀಮೆಯ ಆಲೆಮನೆ. ಕೊಪ್ಪರಿಗೆ ಪಕ್ಕದಲ್ಲಿ ತಾತ, ಮೊಮ್ಮಗಳು ಕೂತು ಮಾತಾಡುವ 40 ಸೆಕೆಂಡಿನ ಅನಿಮೇಷನ್ ದೃಶ್ಯ. ಸೆಕೆಂಡಿಗೆ 24 ಫ್ರೇಮಿನಂತೆ 960 ಫ್ರೇಮ್. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಬಾಯಿ ಯಾವ ಆಕಾರದಲ್ಲಿರಬೇಕು ಎಂದು 480 ಕಡೆ ತೀರ್ಮಾನಿಸಬೇಕು. ಕೈಯಲ್ಲೇ ಮಾಡುವುದಾದರೆ ಧ್ವನಿಯನ್ನು ಹಿಂದೆ ಮುಂದೆ ಎಳೆದು ಕೇಳಿ, ‘ಇಲ್ಲಿ ಬ, ಇಲ್ಲಿ ಆ’ ಎಂದು ಎಕ್ಸ್‌ಶೀಟ್, ಅಂದರೆ ಯಾವ ಫ್ರೇಮಿಗೆ ಯಾವ ಚಿತ್ರ ಎಂಬ ಪಟ್ಟಿ, ತುಂಬುತ್ತಾ ಕೂರಬೇಕು. ಕಣ್ಣು, ಹುಬ್ಬು, ಭುಜ ಆಡಿಸಲು ಕಲಾವಿದರೇ ಬೇಕು. ಆದರೆ ‘ಅಪ್ಪ’ ಅನ್ನುವಾಗ ತುಟಿ ಮುಚ್ಚಬೇಕೋ ಬೇಡವೋ ಎಂಬಲ್ಲಿ ಯಾರ ಅಭಿರುಚಿಗೂ ಕೆಲಸವಿಲ್ಲ. ಆ ಭಾಗವನ್ನಷ್ಟೇ ಸ್ಕ್ರಿಪ್ಟಿಗೆ, ಅಂದರೆ ಪೈಥಾನ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮಿಗೆ, ವಹಿಸಿದ ದಾಖಲೆ ಇದು.

ಸಿದ್ಧ ಸಾಧನಗಳು ಇಲ್ಲದಿಲ್ಲ. ರುಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ತಂತ್ರಾಂಶ ಧ್ವನಿ ಫೈಲ್ ಕೊಟ್ಟರೆ ಬಾಯಿಯ ಪಟ್ಟಿ ಕೊಡುತ್ತದೆ. ಅದರ ಮೂಲ ವಿಧಾನ ಇಂಗ್ಲಿಷ್ ಮಾತಿಗೆ ಮಾಡಿದ್ದು. ಬೇರೆ ಭಾಷೆಗಳಿಗೆ ‘ಫೊನೆಟಿಕ್’ ಎಂಬ ಇನ್ನೊಂದು ವಿಧಾನವಿದೆ. ದೂರದ ಶಾಟ್‌ಗಳಿಗೆ, ಗುಂಪಿನಲ್ಲಿ ನಿಂತ ಪಾತ್ರಗಳಿಗೆ ಅದು ಸಾಕು. ಮುಖ ಪರದೆ ತುಂಬಿದಾಗ ಸಾಲದು. ಇಂಗ್ಲಿಷಿನಲ್ಲಿ ಬರೆದದ್ದೊಂದು, ಓದುವುದೊಂದು. ಅದಕ್ಕೆ ನಿಘಂಟು ಬೇಕು. ಕನ್ನಡದಲ್ಲಿ ಲಿಪಿಯೇ ಉಚ್ಚಾರವನ್ನು ಹೇಳಿಬಿಡುತ್ತದೆ. ಪ್ರತಿ ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಅಂದಾಜೂ ನಮ್ಮ ಛಂದಸ್ಸಿನ ಮಾತ್ರೆಯ ಲೆಕ್ಕದಲ್ಲೇ ಇದೆ. ಇವೆರಡನ್ನೂ ಬಳಸಿಕೊಂಡರೆ ದೊಡ್ಡ ಮಾಡೆಲ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ, ಇಂಟರ್ನೆಟ್ಟೂ ಬೇಡ. ಬೇಕಾದದ್ದು ಧ್ವನಿ ತಿದ್ದುವ ಆಡಾಸಿಟಿ, ಪೈಥಾನ್ 3, ಅದರ ಜೊತೆಗೆ ಲೆಕ್ಕಕ್ಕೆ ನಮ್‌ಪೈ ಮತ್ತು ಸೈಪೈ, ಕೊನೆಗೆ ಅನಿಮೇಷನ್ ತಂತ್ರಾಂಶ ಓಪನ್‌ಟೂನ್ಜ್. ಎಲ್ಲವೂ ಉಚಿತ.

ಧ್ವನಿಮುದ್ರಣ

48 ಕಿಲೋಹರ್ಟ್ಸ್, ಮೋನೋ, 16 ಬಿಟ್ ವೇವ್ ಫೈಲ್. 48 ಯಾಕೆಂದರೆ, 48000ವನ್ನು 24ರಿಂದ ಭಾಗಿಸಿದರೆ ಫ್ರೇಮಿಗೆ ಸರಿಯಾಗಿ 2000 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಬರುತ್ತದೆ. 44.1 ಇಟ್ಟರೆ 1837.5, ಆ ಅರ್ಧವನ್ನು ಎಲ್ಲಾದರೂ ಪೂರ್ಣಾಂಕ ಮಾಡಿ ಕೂಡಿಸುತ್ತಾ ಹೋದರೆ ಉದ್ದನೆಯ ದೃಶ್ಯದಲ್ಲಿ ಬಾಯಿ ಜಾರುತ್ತದೆ. ಟಿವಿಗೆಂದು 25 ಫ್ರೇಮಿನಲ್ಲಿ ಕೆಲಸ ಮಾಡುವವರಿಗೂ 48 ಒಳ್ಳೆಯದು, 1920 ಸ್ಯಾಂಪಲ್ ಬರುತ್ತದೆ. ಇನ್ನೊಂದು ಎಚ್ಚರ: ಕೆಲವು ಎಡಿಟಿಂಗ್ ತಂತ್ರಾಂಶಗಳು 23.976 ಫ್ರೇಮನ್ನೂ ‘24’ ಎಂದೇ ತೋರಿಸುತ್ತವೆ. ಆ ವ್ಯತ್ಯಾಸ ನಿಮಿಷಕ್ಕೆ ಸುಮಾರು ಒಂದೂವರೆ ಫ್ರೇಮ್. ಮೊದಲ ಸಾಲು ಸರಿಯಾಗಿ ಕೂತು ಕೊನೆಯ ಸಾಲು ತಪ್ಪಿದ್ದರೆ ಮೊದಲು ಇದನ್ನೇ ನೋಡಿ.

ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ ‘ಪ’, ‘ಬ’ಗಳ ಗಾಳಿ ಬಡಿದು ಮುಂದೆ ಬರುವ ಅಳತೆ ಕೆಡುತ್ತದೆ. ಫ್ಯಾನ್ ನಿಲ್ಲಿಸಬೇಕು. ತಾತನದೊಂದು ಫೈಲ್, ಮೊಮ್ಮಗಳದೊಂದು ಫೈಲ್. ಇಬ್ಬರ ಮಾತು ಒಂದೇ ಫೈಲಿನಲ್ಲಿ ಒಂದರ ಮೇಲೊಂದು ಬಿದ್ದಿದ್ದರೆ ಮುಂದಿನ ಹೆಜ್ಜೆ ಯಾವುದೂ ನಡೆಯುವುದಿಲ್ಲ.

ಬರೆದಂತೆ ಅಲ್ಲ, ಆಡಿದಂತೆ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಇದೇ. ಸಂಭಾಷಣೆ ಬರೆದವರ ಹಾಳೆಯಲ್ಲಿ ‘ಅಪ್ಪ ಕಬ್ಬು ತಂದಿದ್ದಾರೆ’ ಎಂದಿರುತ್ತದೆ. ತಾತ ಹೇಳುವುದು ‘ಅಪ್ಪ ಕಬ್ಬು ತಂದವ್ರೆ’. ಹಾಳೆಯಲ್ಲಿ ‘ಬರುತ್ತೇನೆ’, ಬಾಯಲ್ಲಿ ‘ಬತ್ತೀನಿ’. ಹಾಳೆಯಲ್ಲಿ ‘ಕುಳಿತುಕೊಳ್ಳಿ’ ಎಂದಿದ್ದರೆ ಎರಡು ಕಡೆ ಉಕಾರ. ‘ಕೂತ್ಕೊಳ್ಳಿ’ ಅನ್ನುವಾಗ ಒಂದೇ ಒಂದು ಊಕಾರ. ಹಾಳೆಯ ಪಠ್ಯವನ್ನೇ ಸ್ಕ್ರಿಪ್ಟಿಗೆ ಕೊಟ್ಟರೆ ಪಾತ್ರ ಆಡದ ಉಕಾರಕ್ಕೆಲ್ಲ ತುಟಿ ಚೂಪು ಮಾಡುತ್ತದೆ. ಹಾಗಾಗಿ ಧ್ವನಿ ಕೇಳಿ, ಕೇಳಿದ್ದನ್ನೇ ಬರೆಯಬೇಕು. ‘ಇಸ್ಕೂಲು’ ಎಂದಿದ್ದರೆ ‘ಇಸ್ಕೂಲು’. ‘ಹಳ್ಳಿ’ಯನ್ನು ‘ಅಳ್ಳಿ’ ಎಂದಿದ್ದರೆ ಹಾಗೇ ಬರೆಯಿರಿ, ಆದರೆ ಬಾಯಿಯ ಮಟ್ಟಿಗೆ ಅದರಿಂದ ವ್ಯತ್ಯಾಸವಾಗದು. ‘ಹ’ಕಾರಕ್ಕೆ ಸ್ವಂತ ಆಕಾರವಿಲ್ಲ, ಮುಂದಿನ ಸ್ವರದ ಬಾಯಿಯಲ್ಲೇ ಅದು ಹೊರಡುತ್ತದೆ.

ಬರೆಯುವ ಜಾಗ ಆಡಾಸಿಟಿಯ ಲೇಬಲ್ ಟ್ರ್ಯಾಕ್. ಒಂದೊಂದು ಪದವನ್ನು ಎಳೆದು ಆರಿಸಿ ಕಂಟ್ರೋಲ್ ಮತ್ತು ಬಿ ಒತ್ತಿ, ಪದವನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡುವುದು. ಮುಗಿದ ಮೇಲೆ ಲೇಬಲ್‌ಗಳನ್ನು ರಫ್ತು ಮಾಡಿದರೆ ಸಾಲಿಗೆ ಮೂರು ಕಾಲಮಿನ ಪಠ್ಯ ಫೈಲ್ ಸಿಗುತ್ತದೆ: ಶುರುವಾದ ಸೆಕೆಂಡು, ಮುಗಿದ ಸೆಕೆಂಡು, ಪದ. ನಡುವೆ ಟ್ಯಾಬ್. ಪದದ ಗಡಿಯನ್ನು ಕೈಯಲ್ಲಿ ಗುರುತಿಸುವುದು ಬೇಸರದ ಕೆಲಸವೇ. ಆದರೂ ಇದನ್ನು ಯಂತ್ರಕ್ಕೆ ಬಿಡದಿರುವುದು ಒಳ್ಳೆಯದು. ಗಡಿ ಸರಿಯಿದ್ದರೆ ಪದದೊಳಗಿನ ತಪ್ಪು ಒಂದೆರಡು ಫ್ರೇಮ್ ದಾಟುವುದಿಲ್ಲ, ಮುಂದಿನ ಪದಕ್ಕೂ ಹರಡುವುದಿಲ್ಲ.

ಸಂಖ್ಯೆಯನ್ನು ಅಂಕಿಯಲ್ಲಿ ಬರೆಯಬೇಡಿ. 10 ಅಲ್ಲ, ‘ಹತ್ತು’. ಹಳೆಯ ಡಿಟಿಪಿ ಅಂಗಡಿಯಿಂದ ಬಂದ ಪಠ್ಯವಾದರೆ ಅದು ಯೂನಿಕೋಡ್ ಆಗಿಲ್ಲದಿರಬಹುದು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಕನ್ನಡವಾಗಿ ಕಾಣುವುದು ಒಳಗೆ ಬರೀ ಲ್ಯಾಟಿನ್ ಅಕ್ಷರಗಳು. ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡಿಕೊಳ್ಳಿ.

ಅಕ್ಷರ ಬಿಡಿಸುವುದು

ಪದ ಕೈಗೆ ಬಂದೊಡನೆ ಸ್ಕ್ರಿಪ್ಟ್ ಮಾಡುವ ಮೊದಲ ಕೆಲಸ ಎನ್‌ಎಫ್‌ಸಿ ಸಾಮಾನ್ಯೀಕರಣ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದೇ ಮಾಡುವುದು. ಯೂನಿಕೋಡಿನಲ್ಲಿ ‘ೋ’ ಎಂಬ ಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ. ಸಾಮಾನ್ಯೀಕರಿಸದೆ ಬಿಟ್ಟರೆ ‘ಹೋಗು’ ಎಂಬಲ್ಲಿ ಸ್ಕ್ರಿಪ್ಟಿಗೆ ಮೊದಲು ಎಕಾರ ಕಂಡು ಹಲ್ಲು ಕಾಣುವ ಬಾಯಿ ಬರುತ್ತದೆ. ಎರಡನೆಯದು, ಅರ್ಧಾಕ್ಷರದ ನಂತರ ಕೀಲಿಮಣೆ ಸೇರಿಸುವ ಕಾಣದ ಜೋಡಣೆ ಚಿಹ್ನೆಗಳು, ಯೂನಿಕೋಡ್ ಸಂಕೇತ 200ಸಿ ಮತ್ತು 200ಡಿ. ಇವೆರಡನ್ನೂ ಕಿತ್ತುಹಾಕಬೇಕು.

ಆಮೇಲಿನದು ಸರಳ. ವ್ಯಂಜನ ಕಂಡರೆ ಅದರ ಮುಂದಿನ ಸಂಕೇತ ನೋಡು. ವಿರಾಮ, ಅಂದರೆ 0ಸಿಸಿಡಿ ಇದ್ದರೆ ಸ್ವರವಿಲ್ಲ. ಸ್ವರಚಿಹ್ನೆ ಇದ್ದರೆ ಆ ಸ್ವರ. ಎರಡೂ ಇಲ್ಲದಿದ್ದರೆ ಅಕಾರ. ಅರ್ಕಾವತ್ತಿಗೆಂದು ಬೇರೆ ನಿಯಮ ಬೇಕಿಲ್ಲ; ‘ಅರ್ಧ’ದಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಂಡರೂ ಫೈಲಿನಲ್ಲಿ ‘ರ್’ ಮೊದಲೇ ಕೂತಿರುತ್ತದೆ.

ಅನುಸ್ವಾರಕ್ಕೆ ಮಾತ್ರ ಮುಂದಿನ ಅಕ್ಷರ ನೋಡಿ ತೀರ್ಮಾನಿಸಬೇಕು. ಪವರ್ಗದ ಮುಂದೆ ‘ಮ್’: ಕಂಬ, ಕೆಂಪು. ಉಳಿದ ವರ್ಗಗಳ ಮುಂದೆ ಆಯಾ ವರ್ಗದ ಅನುನಾಸಿಕ: ತಂದ, ಎಂಟು, ಅಂಗಡಿ. ಅವರ್ಗೀಯ ವ್ಯಂಜನದ ಮುಂದೆ ಮತ್ತು ಪದದ ಕೊನೆಯಲ್ಲಿ ‘ಮ್’: ಸಿಂಹ, ಸಂಸಾರ. ಈ ನಿಯಮ ಹಾಕದೆ ಎಲ್ಲ ಸೊನ್ನೆಯನ್ನೂ ‘ಮ್’ ಎಂದುಕೊಂಡರೆ ‘ಬಂದ’, ‘ತಂದ’, ‘ನಿಂತ’ ಎಲ್ಲದಕ್ಕೂ ತುಟಿ ಮುಚ್ಚುತ್ತದೆ. ನಮ್ಮ ಮಾತಿನಲ್ಲಿ ಇಂಥ ಪದಗಳು ಎಷ್ಟು ಬರುತ್ತವೆಂದರೆ, ಲಿಪ್‌ಸಿಂಕ್ ಎಂದರೇನೆಂದು ತಿಳಿಯದ ನೋಡುಗರೂ ‘ಏನೋ ಸರಿಯಿಲ್ಲ’ ಅನ್ನುತ್ತಾರೆ.

ಹತ್ತು ಬಾಯಿ

ಓಪನ್‌ಟೂನ್ಜ್‌ನ ಲಿಪ್‌ಸಿಂಕ್ ಕಿಟಕಿಯಲ್ಲಿ ಹತ್ತು ಚಿತ್ರಕ್ಕೆ ಜಾಗವಿದೆ. ಅವುಗಳ ಹೆಸರು ಇಂಗ್ಲಿಷ್ ಧ್ವನಿಗಳಿಗೆ ಹೊಂದಿಸಿದವು. ಅದರೊಳಗೆ ಕನ್ನಡವನ್ನು ಹೀಗೆ ಕೂರಿಸಬಹುದು. ಪ, ಬ, ಭ, ಮಗಳಿಗೆ ಮುಚ್ಚಿದ ಬಾಯಿ. ವ, ಫ ಎರಡಕ್ಕೂ ಕೆಳತುಟಿ ಮೇಲಿನ ಹಲ್ಲಿಗೆ ತಾಗಿದ ಬಾಯಿ. ‘ಲ’ಕ್ಕೆ ನಾಲಿಗೆ ಮೇಲೆದ್ದ ಬಾಯಿ, ‘ಳ’, ‘ಣ’ಗಳಲ್ಲಿ ನಾಲಿಗೆ ಹಿಂದಕ್ಕೆ ಮಡಿಯುವುದರಿಂದ ಎದುರಿಗೆ ನೋಡುವವರಿಗೆ ಏನೂ ಕಾಣದು, ಅವು ಸಾದಾ ಬಾಯಿಗೆ ಸೇರುತ್ತವೆ. ಇ, ಎ ಮತ್ತು ದೀರ್ಘಗಳಿಗೆ ಹಲ್ಲು ಕಾಣುವ ಅಗಲ ತುಟಿ. ಒ, ಓ ದುಂಡು. ಉ, ಊ ಚೂಪು. ಉಳಿದ ವ್ಯಂಜನಗಳಿಗೆಲ್ಲ ಸಾದಾ ಬಾಯಿ. ಮಾತಿಲ್ಲದಾಗ ವಿಶ್ರಾಂತಿಯ ಬಾಯಿ. ಐ, ಔ ಬಂದರೆ ಎರಡು ತುಂಡು: ತೆರೆದ ಬಾಯಿ, ನಂತರ ಅಗಲ ಅಥವಾ ಚೂಪು.

ಉಳಿದದ್ದು ‘ಅ’, ‘ಆ’ ಸ್ವರಗಳು. ಕನ್ನಡದಲ್ಲಿ ಹ್ರಸ್ವ ಅಕಾರ ಹೆಜ್ಜೆಹೆಜ್ಜೆಗೂ ಬರುತ್ತದೆ. ಅದಕ್ಕೂ ದೀರ್ಘ ‘ಆ’ ಸ್ವರಕ್ಕೂ ಒಂದೇ ದೊಡ್ಡ ಬಾಯಿ ಕೊಟ್ಟರೆ ಪಾತ್ರ ಇಡೀ ದೃಶ್ಯದಲ್ಲಿ ಆಕಳಿಸಿದಂತೆ ಕಾಣುತ್ತದೆ. ಹತ್ತು ಜಾಗದಲ್ಲಿ ಡಬ್ಲ್ಯು ಮತ್ತು ಕ್ಯು ಎಂದು ಒಂದಿದೆ. ಕನ್ನಡಕ್ಕೆ ಅದರ ಅಗತ್ಯ ತೀರಾ ಕಡಿಮೆ: ‘ಒಂದು’, ‘ಓಡು’ ಎಂದು ಶುರುವಾಗುವಾಗ ಬರುವ ವಕಾರದ ಛಾಯೆಗೆ ಮಾತ್ರ, ಅದನ್ನು ಚೂಪು ಬಾಯಿಯೇ ನಿಭಾಯಿಸುತ್ತದೆ. ಹಾಗಾಗಿ ಆ ಜಾಗವನ್ನು ಹ್ರಸ್ವ ಅಕಾರದ ಅರೆತೆರೆದ ಬಾಯಿಗೆ ಕೊಡಿ. ಇಡೀ ಜೋಡಣೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟ ಬದಲಾವಣೆ ಇದು.

ಚಿತ್ರ ಬರೆಯುವಾಗ ಮೇಲ್ತುಟಿಯನ್ನು ಹೆಚ್ಚು ಕದಲಿಸಬೇಡಿ. ಮೇಲ್ದವಡೆ ತಲೆಬುರುಡೆಗೆ ಅಂಟಿದೆ, ಆಡುವುದು ಕೆಳದವಡೆ. ಹತ್ತೂ ಚಿತ್ರದಲ್ಲಿ ಮೇಲ್ತುಟಿಯ ನಡುಬಿಂದು ಒಂದೇ ಕಡೆ ಇರಲಿ. ಇಲ್ಲದಿದ್ದರೆ ಬಾಯಿ ಮುಖದ ಮೇಲೆ ಕುಣಿಯುತ್ತದೆ. ತಾತನಿಗೆ ಮೀಸೆಯಿದ್ದರೆ ಮೀಸೆ ಬೇರೆ ಪದರದಲ್ಲಿರಲಿ.

ಮಾತ್ರೆಯ ಲೆಕ್ಕ

ಹ್ರಸ್ವ ಸ್ವರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು, ವ್ಯಂಜನಕ್ಕೆ ಅರ್ಧ. ವ್ಯಾಕರಣದ ಈ ಹಳೆಯ ಲೆಕ್ಕವನ್ನೇ ತೂಕವಾಗಿಟ್ಟು ಪದದ ಒಟ್ಟು ಅವಧಿಯನ್ನು ಹಂಚಬೇಕು. ಬದಲಿಸಬೇಕಾದದ್ದು ಎರಡೇ. ಒಂದು, ಸಜಾತಿ ಒತ್ತಕ್ಷರ. ಅರ್ಧಕ್ಕೆ ಅರ್ಧ ಸೇರಿ ಒಂದು ಎಂದು ಲೆಕ್ಕ ಹೇಳುತ್ತದೆ, ಬಾಯಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ; 1.5 ಕೊಟ್ಟರೆ ಹೊಂದುತ್ತದೆ. ಇನ್ನೊಂದು, ವಾಕ್ಯ ನಿಲ್ಲುವ ಕಡೆಯ ಕೊನೆಯ ಸ್ವರ. ಅಲ್ಲಿ ಎಲ್ಲರೂ ಎಳೆಯುತ್ತಾರೆ, ಅದರ ತೂಕವನ್ನು ಒಂದೂವರೆ ಪಟ್ಟು ಮಾಡಿ.

ಲೆಕ್ಕ ಹೀಗೆ. ‘ಕಬ್ಬು’ ಎಂಬ ಪದ ವಾಕ್ಯದ ನಡುವೆ 1.200ರಿಂದ 1.680 ಸೆಕೆಂಡಿನವರೆಗೆ ಇದೆ ಎಂದುಕೊಳ್ಳಿ. ಕ್ 0.5, ಅ 1, ಬ್ಬ್ 1.5, ಉ 1. ಒಟ್ಟು 4 ಮಾತ್ರೆ. ಅವಧಿ 0.48 ಸೆಕೆಂಡು, ಮಾತ್ರೆಗೆ 0.12. ಹಾಗಾದರೆ ‘ಕ್’ 1.200ಕ್ಕೆ, ಅಕಾರ 1.260ಕ್ಕೆ, ‘ಬ್ಬ್’ 1.380ಕ್ಕೆ, ಉಕಾರ 1.560ಕ್ಕೆ ಶುರು. 24ರಿಂದ ಗುಣಿಸಿ ಹತ್ತಿರದ ಪೂರ್ಣಾಂಕ ತೆಗೆದರೆ 29, 30, 33, 37. ಪದ ಮುಗಿದು ಮುಂದಿನದು ಹಿಡಿಯುವುದು 40ನೇ ಫ್ರೇಮಿಗೆ. ತುಟಿ ಮುಚ್ಚಿರುವುದು 33ರಿಂದ 36, ನಾಲ್ಕು ಫ್ರೇಮ್. ‘ಕಬ್ಬು’ ಅನ್ನುವವರ ಬಾಯಿ ನೋಡಿದರೆ ಅದು ಸರಿಯೆಂದು ತಿಳಿಯುತ್ತದೆ. ಫ್ರೇಮಿನ ಎಣಿಕೆ 1ರಿಂದ ಶುರುವಾಗುವುದರಿಂದ ನಿಜಕ್ಕೆ ಒಂದು ಕೂಡಿಸಬೇಕಿತ್ತು. ಆದರೆ ಬಾಯಿಯ ಆಕಾರ ಧ್ವನಿಗಿಂತ ಒಂದು ಫ್ರೇಮ್ ಮೊದಲೇ ಬಂದರೆ ಕಣ್ಣಿಗೆ ಹಿತ. ಕೂಡಿಸುವ ಒಂದಕ್ಕೂ ಕಳೆಯುವ ಒಂದಕ್ಕೂ ವಜಾ.

ಪ್ಲುತ ಬರೀ ಪುಸ್ತಕದ ಮಾತಲ್ಲ. ತಾತ ದೂರದಿಂದ ‘ಮಗಾ’ ಎಂದು ಕೂಗಿದಾಗ ಕೊನೆಯ ‘ಆ’ ಸ್ವರ ಎರಡು ಮಾತ್ರೆಗೆ ನಿಲ್ಲುವುದಿಲ್ಲ. ಅಂಥ ಸ್ವರದ ಮುಂದೆ ಲೇಬಲ್‌ನಲ್ಲಿ ಒಂದು ಕೂಡಿಸು ಚಿಹ್ನೆ ಹಾಕಿದರೆ ಮೂರು, ಎರಡು ಹಾಕಿದರೆ ನಾಲ್ಕು ಎಂದು ಸ್ಕ್ರಿಪ್ಟ್ ಓದಿಕೊಳ್ಳಲಿ.

ಮುಚ್ಚಿದ ತುಟಿಯನ್ನು ಧ್ವನಿಗೆ ಕೂರಿಸುವುದು

ಮಾತ್ರೆಯ ಹಂಚಿಕೆ ಅಂದಾಜು. ಸ್ವರ ಎರಡು ಫ್ರೇಮ್ ಆಚೀಚೆಯಾದರೆ ಯಾರೂ ಗಮನಿಸರು, ತುಟಿ ಮುಚ್ಚುವುದು ತಪ್ಪಿದರೆ ತಕ್ಷಣ ಕಾಣುತ್ತದೆ. ಆದ್ದರಿಂದ ಪ, ಬ, ಮ ಬಂದ ಕಡೆ ಮಾತ್ರ ಧ್ವನಿಯನ್ನು ಅಳೆದು ಸರಿಪಡಿಸಬೇಕು. ಮೊದಲು 1000 ಹರ್ಟ್ಸ್‌ನ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನ ಕಂಪನಾಂಕವನ್ನು ತಡೆಯುವ ಜರಡಿ; ನಾಲ್ಕನೆಯ ದರ್ಜೆಯ ಬಟರ್‌ವರ್ತ್. ನಂತರ 10 ಮಿಲಿಸೆಕೆಂಡಿನ ಕಿಟಕಿಯಲ್ಲಿ ಆರ್‌ಎಂಎಸ್ ಶಕ್ತಿ, ಅಂದರೆ ಆ ತುಂಡಿನಲ್ಲಿ ಸದ್ದಿನ ಸರಾಸರಿ ಬಲ. ಅಂದಾಜಿಸಿದ ಜಾಗದ ಆಚೀಚೆ 70 ಮಿಲಿಸೆಕೆಂಡಿನೊಳಗೆ ಅತಿ ತಗ್ಗು ಎಲ್ಲಿದೆ ನೋಡಿ, ಅದು ಅಕ್ಕಪಕ್ಕದ ಸರಾಸರಿಯ ಅರ್ಧಕ್ಕಿಂತ ಕಡಿಮೆಯಿದ್ದರೆ ಮಾತ್ರ ಮುಚ್ಚಿದ ಬಾಯಿಯ ನಡುಭಾಗವನ್ನು ಅಲ್ಲಿಗೆ ಸರಿಸಿ. ಇಲ್ಲದಿದ್ದರೆ ಮುಟ್ಟಬೇಡಿ.

ಹೈಪಾಸ್ ಯಾಕೆ? ‘ಪ’ದಲ್ಲಿ ಧ್ವನಿ ಪೂರ್ತಿ ನಿಲ್ಲುತ್ತದೆ, ಹುಡುಕುವುದು ಸುಲಭ. ‘ಮ’ದಲ್ಲಿ ತುಟಿ ಮುಚ್ಚಿದ್ದರೂ ಮೂಗಿನಿಂದ ಗುನುಗು ಹರಿಯುತ್ತಲೇ ಇರುತ್ತದೆ; ಒಟ್ಟು ಶಕ್ತಿ ನೋಡಿದರೆ ತಗ್ಗೇ ಕಾಣದು. ಆ ಗುನುಗೆಲ್ಲ ಕೆಳಗಿನ ಕಂಪನಾಂಕದಲ್ಲಿದೆ, ಮೇಲಿನದು ಬಾಯಿ ಮುಚ್ಚಿದೊಡನೆ ಕುಸಿಯುತ್ತದೆ. ‘ಅಮ್ಮ’ ಎಂಬ ಒಂದು ಪದವನ್ನು ಮುದ್ರಿಸಿ ಫಿಲ್ಟರ್ ಹಾಕುವ ಮೊದಲು, ಹಾಕಿದ ಮೇಲೆ ಎರಡೂ ಅಲೆ ನೋಡಿ, ಸಂಶಯ ಉಳಿಯದು.

ಫ್ರೇಮ್ ಕಡಿಮೆ ಮಾಡುವುದು

ವೇಗವಾಗಿ ಮಾತಾಡಿದರೆ ಸೆಕೆಂಡಿಗೆ ಆರು ಅಕ್ಷರ ಬರುತ್ತದೆ, ಅಕ್ಷರಕ್ಕೆ ನಾಲ್ಕೇ ಫ್ರೇಮ್. ಪ್ರತಿ ವ್ಯಂಜನಕ್ಕೂ ಆಕಾರ ಕೊಟ್ಟರೆ ಬಾಯಿ ಪಟಪಟ ನಡುಗುತ್ತದೆ. ಎರಡು ಫ್ರೇಮಿಗಿಂತ ಕಡಿಮೆಯಿರುವ ಆಕಾರವನ್ನು ಪಕ್ಕದ್ದಕ್ಕೆ ಸೇರಿಸಿಬಿಡಿ. ಮೇಲಿನ ಉದಾಹರಣೆಯಲ್ಲಿ ‘ಕ್’ಗೆ ಒಂದೇ ಫ್ರೇಮ್, ಅದು ಹೋಗಿ ಅಕಾರವೇ 29ರಿಂದ ಶುರುವಾಗುತ್ತದೆ. ಯಾವುದನ್ನು ಬಿಡಬಾರದು ಎಂಬುದಕ್ಕೆ ಕ್ರಮ ಬೇಕು: ಮುಚ್ಚಿದ ಬಾಯಿಯನ್ನು ಎಂದೂ ತೆಗೆಯಬಾರದು, ಜಾಗ ಸಾಲದಿದ್ದರೆ ಹಿಂದಿನ ಸ್ವರದಿಂದ ಒಂದು ಫ್ರೇಮ್ ಕಸಿದುಕೊಳ್ಳಲಿ. ನಂತರ ಚೂಪು, ದುಂಡು, ತೆರೆದ ಬಾಯಿ. ಆಮೇಲೆ ವ, ಲ. ಕೊನೆಗೆ ಸಾದಾ. ‘ವ’ವನ್ನು ಇಷ್ಟು ಕೆಳಗಿಡಲು ಕಾರಣವಿದೆ, ‘ತಂದವ್ರೆ’ ಎಂದು ಓಡುವ ಮಾತಿನಲ್ಲಿ ನಮ್ಮ ವಕಾರ ಹಲ್ಲಿಗೆ ತಾಗಿಯೂ ತಾಗದಂತೆ ಹೋಗುತ್ತದೆ.

ಉ, ಒ ಸ್ವರದ ಮುಂಚಿನ ವ್ಯಂಜನಕ್ಕೆ ಸಾದಾ ಬಾಯಿ ಬೇಡ. ‘ತು’, ‘ಕೊ’ ಅನ್ನುವ ಮೊದಲೇ ತುಟಿ ದುಂಡಾಗಿರುತ್ತದೆ. ಸ್ವರದ ಆಕಾರವನ್ನೇ ಹಿಂದಕ್ಕೆ ಎಳೆಯಿರಿ. ಪದಗಳ ನಡುವಿನ ಬಿಡುವು 0.25 ಸೆಕೆಂಡಿಗಿಂತ ಕಡಿಮೆಯಿದ್ದರೆ ಕೊನೆಯ ಆಕಾರ ಹಾಗೇ ನಿಲ್ಲಲಿ, ಹೆಚ್ಚಿದ್ದರೆ ಮಾತ್ರ ವಿಶ್ರಾಂತಿ.

ಓಪನ್‌ಟೂನ್ಜ್‌ಗೆ

ಸ್ಕ್ರಿಪ್ಟ್ ಬರೆಯುವ ಫೈಲ್ ಡ್ಯಾಟ್ ವಿಸ್ತರಣೆಯ ಸಾದಾ ಪಠ್ಯ. ಮೊದಲ ಸಾಲು ‘ಮೊಹೋಸ್ವಿಚ್1’, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ನಂತರ ಪ್ರತಿ ಸಾಲಿಗೆ ಫ್ರೇಮ್ ಸಂಖ್ಯೆ, ಒಂದು ಜಾಗ, ಆಕಾರದ ಹೆಸರು. ಆಕಾರ ಬದಲಾಗುವ ಫ್ರೇಮಿಗಷ್ಟೇ ಸಾಲು ಬೇಕು. ಹೆಸರುಗಳು ಪಾಪಗಾಯೋ ಎಂಬ ಇನ್ನೊಂದು ಲಿಪ್‌ಸಿಂಕ್ ತಂತ್ರಾಂಶದವು. ‘ರೆಸ್ಟ್’, ‘ಇಟಿಸಿ’ ಎರಡು ಸಣ್ಣಕ್ಷರದಲ್ಲಿ, ಉಳಿದವೆಲ್ಲ ದೊಡ್ಡಕ್ಷರದಲ್ಲಿ.

ಹತ್ತು ಬಾಯಿಯೂ ಒಂದೇ ಲೆವೆಲ್‌ನಲ್ಲಿ, ಅಂದರೆ ಒಂದೇ ಚಿತ್ರಸರಣಿಯಲ್ಲಿ, ಇರಬೇಕು. ಆ ಕಾಲಮಿನ ಮೇಲೆ ಬಲಗಡೆ ಕ್ಲಿಕ್ಕಿಸಿ ‘ಅಪ್ಲೈ ಲಿಪ್ ಸಿಂಕ್ ಡೇಟಾ ಟು ಕಾಲಮ್’ ತೆರೆದು, ಫೈಲ್ ಆರಿಸಿ, ಹತ್ತು ಜಾಗಕ್ಕೂ ಚಿತ್ರ ಹೊಂದಿಸಿ, ಯಾವ ಫ್ರೇಮಿನಿಂದ ಎಂದು ಹೇಳಿದರೆ ಎಕ್ಸ್‌ಶೀಟ್ ತುಂಬುತ್ತದೆ. ಮುಖ ಮುಕ್ಕಾಲು ತಿರುಗಿದ ಶಾಟ್‌ಗೆ ಅದೇ ಕ್ರಮದಲ್ಲಿ ಇನ್ನೊಂದು ಲೆವೆಲ್ ಬರೆದಿಟ್ಟರೆ ಅದೇ ಡ್ಯಾಟ್ ಫೈಲ್ ಅಲ್ಲಿಗೂ ನಡೆಯುತ್ತದೆ.

ಪರೀಕ್ಷೆಗೆ ಮೊದಲು ಧ್ವನಿ ಮುಚ್ಚಿ ನೋಡಿ, ಬಾಯಿ ನಡುಗುತ್ತಿದೆಯೇ ಎಂದು. ಆಮೇಲೆ ಧ್ವನಿ ಹಾಕಿ ಪ, ಬ, ಮಗಳನ್ನಷ್ಟೇ ಗಮನಿಸಿ. ಅವು ಕೂತಿದ್ದರೆ ಉಳಿದದ್ದು ಬಹುಪಾಲು ಕೂತಿರುತ್ತದೆ. ಕೂಗು, ನಗು, ಬಿಸಿ ಬೆಲ್ಲ ಬಾಯಿಗಿಟ್ಟುಕೊಂಡು ‘ಹಾ ಹಾ’ ಎನ್ನುವುದು, ಇವು ಪಟ್ಟಿಗೆ ಸಿಗುವುದಿಲ್ಲ. ಆ ಪದಗಳ ಲೇಬಲ್ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಸ್ಕ್ರಿಪ್ಟ್ ಅಲ್ಲಿ ವಿಶ್ರಾಂತಿಯ ಬಾಯಿ ಇಟ್ಟು, ಫ್ರೇಮ್ ಸಂಖ್ಯೆಯನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಡಲಿ; ಬಾಯಿ ಬರೆಯುವವರು ಅದನ್ನು ನೋಡಿ ಹೊಸ ಚಿತ್ರ ಹಾಕುತ್ತಾರೆ. ಮತ್ತೊಮ್ಮೆ ಸ್ಕ್ರಿಪ್ಟ್ ಓಡಿಸುವಾಗ ಈ ಕೈಕೆಲಸ ಅಳಿಸಿಹೋಗದಂತೆ ಅದನ್ನು ಯಂತ್ರ ತುಂಬಿದ ಕಾಲಮಿನಲ್ಲಿ ಮಾಡದೆ, ಅದರ ಮೇಲೆ ಇನ್ನೊಂದು ಕಾಲಮ್ ತೆರೆದು ಅಲ್ಲಿ ಮಾಡಿ; ಆ ಫ್ರೇಮುಗಳಲ್ಲಿ ಸ್ಕ್ರಿಪ್ಟ್ ಇಟ್ಟ ವಿಶ್ರಾಂತಿಯ ಬಾಯಿಯನ್ನು ಕೆಳಗಿನ ಕಾಲಮಿನಿಂದ ತೆಗೆಯಿರಿ.